ಹತ್ತಿರ ನೆಟ್ಟ ಈರುಳ್ಳಿಗೆ ಗೊಬ್ಬರವೂ ಜಾಸ್ತಿ ಬೇಕಾ? ಲೆಕ್ಕ ಬಲ್ಲವರು ಹೇಳಿ

ಕೆಂಪುನೆಲ
ಎಲ್ಲರಿಗೂ ನಮಸ್ಕಾರ. ನಾನು ಈರುಳ್ಳಿ ಸಸಿ ನಾಟಿ ಮಾಡುವುದು 15×10 ಸೆಂ.ಮೀ. ಅಂತರದಲ್ಲಿ. ಈ ಸಲ 10×10ಕ್ಕೆ ಇಳಿಸೋಣ ಅಂತ ಯೋಚನೆ ಇದೆ. ಗೊಬ್ಬರದ ವಿಷಯಕ್ಕೆ ಬಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಸಿ ಒಂದೂವರೆ ಪಟ್ಟು ಆದರೆ ಗೊಬ್ಬರವೂ ಒಂದೂವರೆ ಪಟ್ಟು ಆಗಲೇಬೇಕು ಅಂತ ಕೆಲವರು. ಇನ್ನು ಕೆಲವರು ಗಡ್ಡೆ ಸಣ್ಣದಾಗಿ ಹೋಗುತ್ತದೆ, ಸುಮ್ನೆ ಕೂಲಿ ದಂಡ, ಹಳೇ ಅಂತರವೇ ಇರಲಿ ಅಂತಾರೆ. ನನಗೆ ಬೇಕಾಗಿರುವುದು ಇಳುವರಿ ಎಷ್ಟು ಏರುತ್ತದೆ ಅನ್ನುವುದಲ್ಲ, ಕೊನೆಗೆ ಕೈಗೆ ಎಷ್ಟು ಉಳಿಯುತ್ತದೆ ಅನ್ನುವುದು. ಯಾರಾದರೂ ಬಿಡಿಸಿ ಹೇಳ್ತೀರಾ?

ಎಡೆಕುಂಟೆ
10×10 ನೆಟ್ಟರೆ ಕಳೆ ತೆಗೆಯುವವರು ಕಾಲು ಎಲ್ಲಿ ಇಡಬೇಕು? ಅದನ್ನು ಮೊದಲು ಯೋಚಿಸಿ. ಈರುಳ್ಳಿ ಎಲೆ ನೆಟ್ಟಗೆ ನಿಲ್ಲುತ್ತದೆ, ನೆಲಕ್ಕೆ ನೆರಳು ಬೀಳುವುದು ಬಹಳ ಕಡಿಮೆ. ಬೇರೆ ಬೆಳೆಯಲ್ಲಿ ಒತ್ತಾಗಿ ಹಾಕಿದರೆ ಕಳೆ ಅಡಗುತ್ತದೆ, ಇಲ್ಲಿ ಆ ಲಾಭ ಇಲ್ಲವೇ ಇಲ್ಲ ಅನ್ನಬಹುದು.

ಲೆಕ್ಕದಹಾಳೆ
ಕೆಂಪುನೆಲ ಅವರೇ, ಒಂದೊಂದೇ ನೋಡೋಣ.

15×10 ಅಂದರೆ ಒಂದು ಸಸಿಗೆ 150 ಚದರ ಸೆಂ.ಮೀ. ಜಾಗ. ಒಂದು ಚದರ ಮೀಟರಿಗೆ 67 ಸಸಿ ಆಯಿತು. 10×10 ಅಂದರೆ 100 ಸಸಿ. ಕಾಲುವೆ, ಬದು ಬಿಡದೆ ಲೆಕ್ಕ ಹಾಕಿದರೆ ಹೆಕ್ಟೇರಿಗೆ 6.67 ಲಕ್ಷದಿಂದ 10 ಲಕ್ಷಕ್ಕೆ ಏರುತ್ತದೆ. ಸಸಿ ಒಂದೂವರೆ ಪಟ್ಟು, ಅದು ಸರಿ. ಆದರೆ ಆ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಅಷ್ಟೇ, ನೀರೂ ಅಷ್ಟೇ. ಒಂದೇ ಬಾವಿಗೆ ಇನ್ನಷ್ಟು ಬಿಂದಿಗೆ ಇಳಿಸಿದ ಹಾಗೆ. ಹಾಗಾಗಿ ಸಸಿ ಹೆಚ್ಚಿದ ಹಾಗೆಲ್ಲ ಒಂದೊಂದು ಗಡ್ಡೆಯ ತೂಕ ಇಳಿಯುತ್ತಾ ಹೋಗುತ್ತದೆ. ಒಟ್ಟು ತೂಕ ಸ್ವಲ್ಪ ಏರಿ, ಆಮೇಲೆ ಏರುವುದನ್ನೇ ನಿಲ್ಲಿಸುತ್ತದೆ.

ಲೆಕ್ಕ ಸುಲಭ ಆಗಲಿ ಅಂತ ಒಂದು ಅಂದಾಜು ಹಿಡಿಯುತ್ತೇನೆ, ನಿಮ್ಮ ಹೊಲದ ಅಂಕಿ ಬೇರೆ ಇರಬಹುದು. 67 ಸಸಿ ಇದ್ದಾಗ ಗಡ್ಡೆ ಸರಾಸರಿ 70 ಗ್ರಾಂ, 100 ಸಸಿ ಇದ್ದಾಗ 52 ಗ್ರಾಂ ಅಂತ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಹೆಕ್ಟೇರಿಗೆ 47 ಟನ್, ಎರಡನೆಯದಕ್ಕೆ 52 ಟನ್. ಸಸಿ 50% ಜಾಸ್ತಿ, ಇಳುವರಿ 11% ಜಾಸ್ತಿ.

ಈಗ ಗೊಬ್ಬರ. ಒಂದು ಟನ್ ಈರುಳ್ಳಿ ಬೆಳೆಯಲು ಗಿಡ ಮಣ್ಣಿನಿಂದ ಎಳೆದುಕೊಳ್ಳುವ ಸಾರಜನಕ ಸುಮಾರು 2ರಿಂದ 2.5 ಕೆಜಿ. ಅಂದರೆ ಜಾಸ್ತಿ ಬಂದ 5 ಟನ್ನಿಗೆ ಬೇಕಾಗುವುದು 10–12 ಕೆಜಿ ಸಾರಜನಕ. ಹಾಕಿದ್ದರಲ್ಲಿ ಅರ್ಧ ಮಾತ್ರ ಗಿಡಕ್ಕೆ ಸಿಗುತ್ತದೆ ಅಂತ ಹಿಡಿದರೂ 20–25 ಕೆಜಿ. ಯೂರಿಯಾದಲ್ಲಿ 46% ಸಾರಜನಕ ಇದೆ, ಹಾಗಾಗಿ 45–55 ಕೆಜಿ ಯೂರಿಯಾ ಸಾಕು. ನೀವು ಈಗ ಹೆಕ್ಟೇರಿಗೆ 110 ಕೆಜಿ ಸಾರಜನಕ ಹಾಕುತ್ತಿದ್ದೀರಿ ಅಂತಿಟ್ಟುಕೊಂಡು, ಅದನ್ನು ಒಂದೂವರೆ ಪಟ್ಟು ಮಾಡಿದರೆ 120 ಕೆಜಿ ಯೂರಿಯಾ ಹೆಚ್ಚಿಗೆ ಬೀಳುತ್ತದೆ. ಅರ್ಧಕ್ಕಿಂತ ಜಾಸ್ತಿ ಯೂರಿಯಾ ನೀರಿನ ಜೊತೆ ಕೆಳಗೆ ಇಳಿಯಲು, ಇಲ್ಲಾ ಗಾಳಿಗೆ ಹೋಗಲು ಹಾಕಿದ ಹಾಗೆ.

ಗೊಬ್ಬರವನ್ನು ಇಳುವರಿ ನೋಡಿ ಹಾಕಬೇಕು, ಸಸಿ ಎಣಿಸಿ ಅಲ್ಲ.

ಬೇಸಾಯದಬಾಕಿ
ಹಾಗಾದರೆ 11% ಜಾಸ್ತಿ ಇಳುವರಿ, ಗೊಬ್ಬರ ಸ್ವಲ್ಪವೇ ಜಾಸ್ತಿ. ಲಾಭವೇ ಆಯಿತಲ್ವಾ? ನಾಳೆಯಿಂದಲೇ ಎಲ್ಲರೂ 10×10 ಶುರು ಮಾಡಬಹುದಲ್ಲ.

ಸಸಿಮಡಿ
ಅಷ್ಟು ಸಲೀಸಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲರೂ ಅದನ್ನೇ ಮಾಡಿರುತ್ತಿದ್ದರು ಅಣ್ಣ. 3.33 ಲಕ್ಷ ಸಸಿ ಜಾಸ್ತಿ ಅಂದರೆ ಬೀಜ, ಮಡಿ, ಸಸಿ ಕೀಳುವುದು, ನಾಟಿ ಕೂಲಿ ಎಲ್ಲವೂ ಜಾಸ್ತಿ. ಈರುಳ್ಳಿಯಲ್ಲಿ ಕೂಲಿ ಖರ್ಚಿನ ಮುಂದೆ ಗೊಬ್ಬರದ ಖರ್ಚು ಎಷ್ಟೋ ಸಲ ಚಿಕ್ಕದಾಗಿ ಕಾಣುತ್ತದೆ. ಆದರೂ ನಾವು ಗೊಬ್ಬರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಸಸಿಯ ಬಗ್ಗೆ ಯಾರೂ ಕೇಳುವುದಿಲ್ಲ.

ಬೀಜದ್ದೊಂದು ಹೇಳುತ್ತೇನೆ. ಒಂದು ಗ್ರಾಂ ಈರುಳ್ಳಿ ಬೀಜದಲ್ಲಿ ಹೆಚ್ಚುಕಡಿಮೆ 250–300 ಕಾಳು ಇರುತ್ತವೆ. 6.67 ಲಕ್ಷ ಸಸಿಗೆ ಲೆಕ್ಕದ ಪ್ರಕಾರ ಮೂರು ಕೆಜಿಯೂ ಬೇಡ. ಆದರೆ ಸಾಮಾನ್ಯವಾಗಿ ಹೆಕ್ಟೇರಿಗೆ ಹಾಕುವುದು 8ರಿಂದ 10 ಕೆಜಿ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಮೊಳಕೆ ಬರದೆ ಹೋಗಿದ್ದು ಸ್ವಲ್ಪ, ಮಡಿಯಲ್ಲಿ ಕೊಳೆತು ಬಿದ್ದಿದ್ದು ಸ್ವಲ್ಪ, ಒತ್ತಾಗಿ ಬಿತ್ತಿ ಸಣಕಲಾಗಿ ನಾಟಿಗೆ ಬರದೆ ಬಿಸಾಕಿದ್ದು ಬಹಳ. ಈರುಳ್ಳಿ ಬೀಜದ ಮೊಳಕೆ ಶಕ್ತಿ ಬೇಗ ಇಳಿಯುತ್ತದೆ, ವರ್ಷ ದಾಟಿದ ಬೀಜ ನಂಬಬೇಡಿ. ಮಡಿಯಲ್ಲಿ ತೆಳ್ಳಗೆ ಸಾಲು ಬಿತ್ತನೆ ಮಾಡಿದರೆ ಅದೇ ಬೀಜದಲ್ಲಿ ಹತ್ತು ಲಕ್ಷ ಸಸಿ ಎತ್ತಬಹುದು. ಹತ್ತಿರ ನೆಡುವ ಆಸೆ ಇದ್ದವರು ಮೊದಲು ಇಲ್ಲಿಂದ ಶುರು ಮಾಡಲಿ ಅಂತ ನನ್ನ ಅಭಿಪ್ರಾಯ.

ಲೆಕ್ಕದಹಾಳೆ
ಸಸಿಮಡಿ ಅವರು ಹೇಳಿದ್ದನ್ನೇ ಹಿಡಿದು ಮುಂದೆ ಹೋಗುತ್ತೇನೆ. ದುಡ್ಡಿನಲ್ಲಿ ಲೆಕ್ಕ ಹಾಕಬೇಡಿ, ಈರುಳ್ಳಿ ದರ ಇವತ್ತೊಂದು ನಾಳೆಯೊಂದು. ಎಲ್ಲ ಖರ್ಚನ್ನೂ "ಎಷ್ಟು ಕೆಜಿ ಈರುಳ್ಳಿ" ಅಂತ ಬರೆದುಕೊಳ್ಳಿ.

ಮೇಲಿನ ಅಂದಾಜಿನಲ್ಲಿ 3.33 ಲಕ್ಷ ಸಸಿ ಹೆಚ್ಚಿಗೆ ನೆಟ್ಟಿದ್ದಕ್ಕೆ 5000 ಕೆಜಿ ಹೆಚ್ಚಿಗೆ ಬಂತು. ಅಂದರೆ ಸಾವಿರ ಸಸಿಗೆ 15 ಕೆಜಿ. ಸಾವಿರ ಸಸಿ ಬೆಳೆಸಿ, ಕಿತ್ತು, ನೆಟ್ಟು ಮುಗಿಸುವ ಖರ್ಚು 15 ಕೆಜಿ ಈರುಳ್ಳಿಯ ಬೆಲೆಗಿಂತ ಕಡಿಮೆ ಇದ್ದರೆ ಹತ್ತಿರ ನೆಡಿ. ಜಾಸ್ತಿ ಇದ್ದರೆ ಬಿಡಿ. ಕೀಳುವ, ಕತ್ತರಿಸುವ, ಮೂಟೆ ಮಾಡುವ ಖರ್ಚನ್ನು ಆ 15 ಕೆಜಿಯಲ್ಲೇ ಕಳೆಯಬೇಕು, ಅದು ನೆನಪಿರಲಿ.

ಇಷ್ಟಾದ ಮೇಲೂ ಒಂದು ಬಾಕಿ ಇದೆ. ಸಣ್ಣ ಗಡ್ಡೆಗೆ ದರ ಕಡಿಮೆ ಸಿಕ್ಕರೆ? ಇಡೀ 52 ಟನ್ನಿಗೆ ದರ 5% ಇಳಿಯಿತು ಅನ್ನಿ, 2.6 ಟನ್ ಹೋಯಿತು. ಉಳಿದದ್ದು 2.4 ಟನ್, ಸಾವಿರ ಸಸಿಗೆ ಬರೀ 7 ಕೆಜಿ. ದರ 10% ಇಳಿದರೆ 5.2 ಟನ್ ಹೋಗುತ್ತದೆ. ಹೆಚ್ಚಿಗೆ ಬಂದದ್ದೆಲ್ಲ ಅಲ್ಲಿಗೆ ಖತಂ, ಕೂಲಿ ಕೈಯಿಂದ.

ಬೇಸಾಯದಬಾಕಿ
ಸರಿ ಸರ್, ನಾಳೆಯಿಂದ ಶುರು ಮಾಡುವುದಿಲ್ಲ.

ಕೆಂಪುನೆಲ
ಇದು ಒಳ್ಳೇ ಲೆಕ್ಕ. ಆದರೆ 70 ಗ್ರಾಂ ಎಲ್ಲಿ, 52 ಗ್ರಾಂ ಎಲ್ಲಿ, ನೋಡಿದರೆ ಅಷ್ಟು ವ್ಯತ್ಯಾಸ ಗೊತ್ತಾಗುತ್ತದಾ? ವಿಂಗಡಣೆ ಮಾಡುವವರು ತೂಕ ನೋಡುವುದಿಲ್ಲವಲ್ಲ, ಗಾತ್ರ ನೋಡುತ್ತಾರೆ.

ದಾಸ್ತಾನು
ಒಳ್ಳೇ ಪ್ರಶ್ನೆ. ಗಡ್ಡೆ ಗುಂಡಗಿದೆ ಅಂತ ಹಿಡಿದರೆ 70 ಗ್ರಾಂ ಅಂದರೆ ಅಡ್ಡಳತೆ ಸುಮಾರು 51 ಮಿ.ಮೀ., 52 ಗ್ರಾಂ ಅಂದರೆ 46 ಮಿ.ಮೀ. ಕಣ್ಣಿಗೆ ಅಂಥಾ ವ್ಯತ್ಯಾಸ ಇಲ್ಲ. ಅಡ್ಡಳತೆ ಸ್ವಲ್ಪ ಕಡಿಮೆಯಾದರೂ ತೂಕ ದಬ್ಬನೆ ಬೀಳುತ್ತದೆ, 50 ಮಿ.ಮೀ. ಗಡ್ಡೆಗಿಂತ 40 ಮಿ.ಮೀ. ಗಡ್ಡೆ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ.

ಆದರೆ ಸರಾಸರಿ ನಂಬಿ ಕೂರಬೇಡಿ. ಹೊಲದಲ್ಲಿ ಎಲ್ಲ ಗಡ್ಡೆಯೂ 46 ಇರುವುದಿಲ್ಲ, ಕೆಲವು 60, ಕೆಲವು 30. ಒತ್ತಾಗಿ ನೆಟ್ಟಾಗ ಮೊದಲು ಎದ್ದ ಗಿಡ ಪಕ್ಕದ್ದನ್ನು ತುಳಿಯುತ್ತದೆ, ಹಾಗಾಗಿ ಸಣ್ಣ ಗಡ್ಡೆಗಳ ಪಾಲು ಜಾಸ್ತಿಯಾಗುತ್ತದೆ. ದರ ಕಡಿತ ಆಗುವುದು ಅಲ್ಲಿ. ನಿಮ್ಮ ಖರೀದಿದಾರರು 45ರ ಮೇಲಿನದ್ದೆಲ್ಲ ಒಂದೇ ದರಕ್ಕೆ ತೆಗೆದುಕೊಳ್ಳುತ್ತಾರಾ, ಇಲ್ಲಾ 55ರ ಮೇಲಿನದ್ದಕ್ಕೆ ಬೇರೆ ದರ ಕೊಡುತ್ತಾರಾ ಅಂತ ಮೊದಲೇ ಕೇಳಿ. ಅಂತರ ನಿರ್ಧಾರ ಮಾಡುವುದು ಅದಾದ ಮೇಲೆ. ಇಡಿಯಾಗಿ ಬಳಸುವ ಪುಟ್ಟ ಗಡ್ಡೆಗೆ ಬೇಡಿಕೆ ಇರುವವರು ಬೇಕಂತಲೇ ಬಹಳ ಒತ್ತಾಗಿ ಬೆಳೆಯುತ್ತಾರೆ, ಅವರಿಗೆ ದೊಡ್ಡದೇ ತೊಂದರೆ.

ಇನ್ನೊಂದು. ತುಂಬಾ ದೂರ ನೆಟ್ಟರೂ ಕಷ್ಟ ಇದೆ. 20×15 ಅಂಥದ್ದರಲ್ಲಿ ಗಡ್ಡೆ ದೊಡ್ಡದು ಬರುತ್ತದೆ, ಜೊತೆಗೆ ಜೋಡಿ ಗಡ್ಡೆ, ದಪ್ಪ ಕುತ್ತಿಗೆಯ ಗಡ್ಡೆ ಕೂಡ ಜಾಸ್ತಿ. ಒತ್ತಾದ ಹೊಲ ಬೇಗ ಗಡ್ಡೆ ಕಟ್ಟಿ ಬೇಗ ಮಾಗುತ್ತದೆ. ಎಲೆಗಳ ನೆರಳು ಬಿದ್ದಾಗ ಗಿಡಕ್ಕೆ ಸಿಗುವ ಬೆಳಕಿನ ಬಣ್ಣ ಬದಲಾಗುತ್ತದೆ, ಅದು ಗಡ್ಡೆ ಕಟ್ಟುವುದನ್ನು ಚುರುಕು ಮಾಡುತ್ತದೆ. ಒಂದು ವಾರ ಮೊದಲು ಮಾರುಕಟ್ಟೆಗೆ ಹೋಗುವುದಕ್ಕೂ ಬೆಲೆ ಇದೆ ಅಲ್ವಾ.

ಹನಿಪೈಪು
ಎಲ್ಲರೂ ಸಾರಜನಕ ಸಾರಜನಕ ಅಂತೀರಿ. ಈರುಳ್ಳಿಯ ಬೇರು ಮೇಲಿನ ಒಂದು ಅಡಿಯೊಳಗೇ ಇರುತ್ತದೆ, ಕವಲೂ ಕಡಿಮೆ, ಬೇರುರೋಮವೂ ಕಡಿಮೆ. ಅದಕ್ಕೆ ಗೊಬ್ಬರ ಎಷ್ಟು ಅನ್ನುವುದಕ್ಕಿಂತ ಎಲ್ಲಿ, ಯಾವಾಗ ಅನ್ನುವುದು ಮುಖ್ಯ. ನಾನು ಹನಿ ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ಕೊಡುತ್ತೇನೆ, ಒಟ್ಟು ಪ್ರಮಾಣ ಕಡಿಮೆಯಾಗಿದೆ, ಇಳುವರಿ ಇಳಿದಿಲ್ಲ. ಹನಿ ಇಲ್ಲದವರು ಕನಿಷ್ಠ ಮೂರು ಕಂತು ಮಾಡಿ. ಒಂದೇ ಸಲ ಸುರಿದು ನೀರು ಬಿಟ್ಟರೆ ಬೇರು ಸಿಗದಷ್ಟು ಆಳಕ್ಕೆ ಹೋಗುತ್ತದೆ. ಮಣ್ಣಿನ ಮೇಲೆ ಯೂರಿಯಾ ಎರಚಿ ಒಳಗೆ ಸೇರಿಸದೆ ಹಾಗೇ ಬಿಟ್ಟರೆ ಒಂದು ಭಾಗ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಇನ್ನೊಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಈರುಳ್ಳಿ ಉಪ್ಪು ತಡೆಯುವುದಿಲ್ಲ. ಮಣ್ಣಿನ ಉಪ್ಪಿನಂಶ ಮೀಟರಿಗೆ 1.2 ಡೆಸಿಸೀಮೆನ್ಸ್ ದಾಟಿತೋ ಇಳುವರಿ ಇಳಿಯಲು ಶುರು, ಅಲ್ಲಿಂದ ಮೇಲೆ ಒಂದೊಂದು ಅಂಕಕ್ಕೂ ಸುಮಾರು 16% ಇಳಿಯುತ್ತದೆ. ಗೊಬ್ಬರವೂ ಉಪ್ಪೇ. ಬೋರ್‌ವೆಲ್ ನೀರು ಸವಳು ಇರುವ ಕಡೆ ಒಂದೂವರೆ ಪಟ್ಟು ಗೊಬ್ಬರ ಹಾಕಿದರೆ ದುಡ್ಡು ಕೊಟ್ಟು ಇಳುವರಿ ಕಡಿಮೆ ಮಾಡಿಕೊಂಡ ಹಾಗೆ.

ಎಡೆಕುಂಟೆ
ಕಂತು ಸರಿ. ಆದರೆ ಕೊನೆಯ ಕಂತು ಯಾವಾಗ ಅನ್ನುವುದನ್ನೂ ಬರೆಯಿರಿ. ಗಡ್ಡೆ ದಪ್ಪ ಆಗಲಿ ಅಂತ ಕೊನೆಗೆ ಯೂರಿಯಾ ಎರಚುವವರನ್ನು ನೋಡಿ ಸಾಕಾಗಿದೆ.

ದಾಸ್ತಾನು
ಅದು ನನ್ನ ವಿಷಯ, ಸ್ವಲ್ಪ ಉದ್ದ ಆದರೂ ಹೇಳುತ್ತೇನೆ. ಗಡ್ಡೆ ಕಟ್ಟಲು ಶುರುವಾದ ಮೇಲೆ ಸಾರಜನಕ ಕೊಟ್ಟರೆ ಗಿಡ ಎಲೆ ಬಿಡುವುದನ್ನು ನಿಲ್ಲಿಸುವುದಿಲ್ಲ. ಕುತ್ತಿಗೆ ದಪ್ಪಗೇ ಉಳಿಯುತ್ತದೆ, ಮಾಗುವುದು ತಡ, ಕೊಯ್ದ ಮೇಲೆ ಕುತ್ತಿಗೆ ಸರಿಯಾಗಿ ಒಣಗಿ ಮುಚ್ಚಿಕೊಳ್ಳುವುದಿಲ್ಲ. ಕೊಳೆ ರೋಗ ಒಳಗೆ ಹೋಗುವುದು ಆ ಬಾಗಿಲಿನಿಂದಲೇ. ಮೊಳಕೆ ಒಡೆಯುವುದೂ ಬೇಗ. ಹೊಲದಲ್ಲಿ ತೂಗಿದಾಗ ನೂರಕ್ಕೆ ಎರಡು ಪಾಲು ಜಾಸ್ತಿ ಬಂದಿರಬಹುದು, ಸಂತೋಷ. ದಾಸ್ತಾನಿನಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಆ ನಷ್ಟವನ್ನು ಯಾರೂ ಗೊಬ್ಬರದ ಖಾತೆಗೆ ಬರೆಯುವುದಿಲ್ಲ, "ಈ ವರ್ಷ ಹವಾಮಾನ ಸರಿ ಇರಲಿಲ್ಲ" ಅಂತ ಬರೆಯುತ್ತಾರೆ.

ನಾಟಿ ಮಾಡಿದ ಬೆಳೆಗೆ ಸಾರಜನಕದ ಅರ್ಧ ಭಾಗ ನಾಟಿ ಸಮಯಕ್ಕೇ ಬುಡಕ್ಕೆ, ಉಳಿದದ್ದು 30ನೇ ದಿನ ಒಂದು ಸಲ, 45ನೇ ದಿನ ಇನ್ನೊಂದು ಸಲ. 60 ದಿನದ ಮೇಲೆ ಯೂರಿಯಾ ಚೀಲ ಹೊಲಕ್ಕೆ ತರಲೇಬೇಡಿ. ರಂಜಕ ಪೂರ್ತಿ ಬುಡಕ್ಕೇ. ಹಾಗಂತ ಸಾರಜನಕ ತೀರಾ ಕಡಿಮೆ ಮಾಡಿದರೆ ಹೂದಂಟು ಬರುವುದು ಜಾಸ್ತಿಯಾಗುತ್ತದೆ, ಆ ಗಡ್ಡೆ ದಾಸ್ತಾನಿಗೂ ಬರುವುದಿಲ್ಲ, ಮಾರಾಟಕ್ಕೂ ಬರುವುದಿಲ್ಲ.

ಕೆಂಪುನೆಲ
ಹಾಗಾದರೆ ಎಷ್ಟಕ್ಕೆ ನಿಲ್ಲಿಸಬೇಕು? ದರ ಚೆನ್ನಾಗಿರುವ ವರ್ಷ ಜಾಸ್ತಿ, ಬಿದ್ದ ವರ್ಷ ಕಡಿಮೆ ಹಾಕಬೇಕು ಅಂತ ನಮ್ಮಲ್ಲಿ ವಾದ ಇದೆ. ನಾಟಿ ಮಾಡುವಾಗ ಕೊಯ್ಲಿನ ದರ ಯಾರಿಗೆ ಗೊತ್ತಿರುತ್ತದೆ ಅನ್ನುವುದು ಬೇರೆ ಮಾತು.

ಲೆಕ್ಕದಹಾಳೆ
ಇದರ ಉತ್ತರ ಕೇಳಿದರೆ ಆಶ್ಚರ್ಯ ಆಗಬಹುದು. ದರ ಏರಿದರೂ ಬಿದ್ದರೂ ಸರಿಯಾದ ಪ್ರಮಾಣ ಹೆಚ್ಚು ಜರುಗುವುದಿಲ್ಲ.

ಮತ್ತೆ ಅಂದಾಜಿನ ಅಂಕಿಯೇ. ಇದು ಸಾಧಾರಣ ಮಣ್ಣಿನ ಹೊಲ, ಮೇಲಿನ 47 ಟನ್ನಿನದಲ್ಲ. ಸಾರಜನಕ ಹಾಕದೆ 24 ಟನ್ ಬರುತ್ತದೆ ಅಂತಿಟ್ಟುಕೊಳ್ಳಿ. 50 ಕೆಜಿ ಹಾಕಿದರೆ 32, 100 ಹಾಕಿದರೆ 36, 125 ಹಾಕಿದರೆ 36.5, 150 ಹಾಕಿದರೆ ಮತ್ತೆ 36. ಮೊದಲ 50 ಕೆಜಿ 8 ಟನ್ ತಂದುಕೊಟ್ಟಿತು, ಎರಡನೇ 50 ನಾಲ್ಕು ಟನ್, ಮೂರನೇ 50 ಸೊನ್ನೆ. ಕೊನೆಯ ಒಂದು ಕೆಜಿ ಸಾರಜನಕದಿಂದ ಬರುವ ಈರುಳ್ಳಿ ಆ ಒಂದು ಕೆಜಿಯ ಖರ್ಚಿಗೆ ಸಮ ಆದಾಗ ನಿಲ್ಲಿಸಬೇಕು. ಒಂದು ಕೆಜಿ ಸಾರಜನಕ ತಂದು ಹಾಕಲು 4 ಕೆಜಿ ಈರುಳ್ಳಿಯಷ್ಟು ಖರ್ಚು ಅಂದರೆ ಈ ಹೊಲದಲ್ಲಿ ನಿಲ್ಲಬೇಕಾದ ಜಾಗ 122 ಕೆಜಿ. ಈರುಳ್ಳಿ ದರ ಐದನೇ ಒಂದು ಭಾಗಕ್ಕೆ ಕುಸಿದು, ಅದೇ ಖರ್ಚು 20 ಕೆಜಿ ಈರುಳ್ಳಿಗೆ ಸಮ ಆಯಿತು ಅನ್ನಿ. ಆಗಲೂ 112 ಕೆಜಿ. ದರ ಪೂರ್ತಿ ಮಲಗಿದರೂ ಬದಲಾಗಿದ್ದು ಹತ್ತೇ ಕೆಜಿ.

ಅದಕ್ಕಿಂತ ಮುಖ್ಯ, 122ರ ಬದಲು 100ಕ್ಕೇ ನಿಲ್ಲಿಸಿದವರಿಗೆ ಆಗುವ ನಷ್ಟ. ಒಳ್ಳೇ ದರದಲ್ಲೂ ಅದು 400 ಕೆಜಿ ಈರುಳ್ಳಿ, ಒಟ್ಟು 36 ಟನ್ನಿನಲ್ಲಿ 1%ರಷ್ಟು. ದರ ಬಿದ್ದ ವರ್ಷ ಬರೀ 50 ಕೆಜಿ ಆಸುಪಾಸು. ತುದಿಯಲ್ಲಿ ಗೆರೆ ಚಪ್ಪಟೆ ಇರುತ್ತದೆ, ಅಲ್ಲಿ ನಿಂತು ಜಗಳ ಆಡುವುದೇ ವ್ಯರ್ಥ. ದಾಸ್ತಾನು ಮಾಡುವವರಾದರೆ ಕಡಿಮೆ ಕಡೆಗೆ ವಾಲುವುದೇ ಲಾಭ, ಯಾಕೆ ಅಂತ ಮೇಲೆ ಅವರೇ ಹೇಳಿದ್ದಾರೆ. ಥ್ರಿಪ್ಸ್ ಹುಳ, ನೇರಳೆ ಮಚ್ಚೆ ರೋಗ ಬಂದರೆ ಸಿಂಪರಣೆ ಖರ್ಚೂ ಇದೆ, ಸಾರಜನಕ ಜಾಸ್ತಿಯಾದ ಮೆತ್ತನೆ ಎಲೆಯ ಮೇಲೆ ಎರಡಕ್ಕೂ ಹಬ್ಬ.

ಬೇಸಾಯದಬಾಕಿ
ಇದೆಲ್ಲ ಹಾಳೆ ಮೇಲೆ ಚೆಂದ. ನಮ್ಮ ಹೊಲದ ಗೆರೆ ಎಲ್ಲಿ ಚಪ್ಪಟೆ ಆಗುತ್ತದೆ ಅಂತ ಹೇಗೆ ಗೊತ್ತಾಗಬೇಕು? ಕೊಟ್ಟಿಗೆ ಗೊಬ್ಬರ ಹತ್ತು ಟನ್ ಹಾಕಿದವರಿಗೂ ಹಾಕದವರಿಗೂ ಒಂದೇ 122ಆ?

ಹನಿಪೈಪು
ಖಂಡಿತ ಒಂದೇ ಅಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಅರ್ಧ ಪರ್ಸೆಂಟ್ ಸಾರಜನಕ ಇರುತ್ತದೆ. ಹತ್ತು ಟನ್ನಿಗೆ 50 ಕೆಜಿ ಆಯಿತು, ಆದರೆ ಮೊದಲ ವರ್ಷ ಅದರಲ್ಲಿ ಒಂದು ಭಾಗ ಮಾತ್ರ ಬಿಡುಗಡೆ ಆಗುತ್ತದೆ. ವರ್ಷ ವರ್ಷ ಹಾಕುತ್ತಾ ಬಂದವರ ಮಣ್ಣು ತಾನೇ ಸ್ವಲ್ಪ ಕೊಡುತ್ತಿರುತ್ತದೆ, ಅವರು ಯೂರಿಯಾ ಕಡಿಮೆ ಮಾಡಬಹುದು. ಮಣ್ಣು ಪರೀಕ್ಷೆ ಮಾಡಿಸಿ. ರಂಜಕ, ಪೊಟ್ಯಾಷ್ ಎಷ್ಟಿದೆ ಅಂತಾದರೂ ತಿಳಿಯುತ್ತದೆ. ರಂಜಕ ತುಂಬಿ ಕೂತ ಹೊಲಕ್ಕೆ ಮತ್ತೆ ಮತ್ತೆ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಸುರಿಯುವುದು ಬಹಳ ಕಡೆ ನಡೆಯುತ್ತಿದೆ.

ಸಸಿಮಡಿ
ಡಿಎಪಿ ಹೆಸರು ಬಂತಲ್ಲ, ಗಂಧಕದ ಬಗ್ಗೆಯೂ ಬರೆಯಿರಿ ಹನಿಪೈಪು ಅವರೇ. ಈರುಳ್ಳಿಯ ಘಾಟು ಬರುವುದೇ ಗಂಧಕದಿಂದ, ಆದರೂ ಗೊಬ್ಬರದ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಜಾಗ.

ಹನಿಪೈಪು
ಹೌದು ಮೇಡಂ. 50 ಕೆಜಿ ರಂಜಕ ಬೇಕು ಅಂದುಕೊಳ್ಳಿ. ಡಿಎಪಿಯಲ್ಲಿ 46% ರಂಜಕ, 18% ಸಾರಜನಕ. 109 ಕೆಜಿ ಹಾಕಿದರೆ 50 ಕೆಜಿ ರಂಜಕ ಆಯಿತು, ಜೊತೆಗೆ 20 ಕೆಜಿ ಸಾರಜನಕ. ಗಂಧಕ ಇಲ್ಲ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ 16% ರಂಜಕ, 11% ಗಂಧಕ. 312 ಕೆಜಿ ಹಾಕಬೇಕು, ಹೊರುವ ಕೆಲಸ ಮೂರು ಪಟ್ಟು, ಆದರೆ 34 ಕೆಜಿ ಗಂಧಕ ಜೊತೆಗೇ ಬಂತು. ಈರುಳ್ಳಿಗೆ ಹೆಚ್ಚುಕಡಿಮೆ ಅಷ್ಟು ಸಾಕು. ಅದಕ್ಕೆ ಚೀಲದ ಬೆಲೆ ಹೋಲಿಸಬೇಡಿ. ಚೀಲದೊಳಗೆ ಸಾರಜನಕ, ರಂಜಕ, ಗಂಧಕ ಎಷ್ಟೆಷ್ಟು ಕೆಜಿ ಇದೆ, ನಿಮಗೆ ಅದರಲ್ಲಿ ಯಾವುದು ಬೇಕು ಅಂತ ನೋಡಿ, ಬೇಕಾದದ್ದಕ್ಕೆ ಮಾತ್ರ ಬೆಲೆ ಕಟ್ಟಿ. ಮಣ್ಣಿನಲ್ಲಿ ಗಂಧಕ ಸಾಕಷ್ಟಿದ್ದರೆ ಡಿಎಪಿಯೇ ಅಗ್ಗ ಆಗಬಹುದು.

ಎಡೆಕುಂಟೆ
ಅಂತರಕ್ಕೆ ವಾಪಸ್ ಬನ್ನಿ. ನನ್ನ ಸಲಹೆ ಇಷ್ಟೇ. ಸಾಲಿನಿಂದ ಸಾಲಿಗೆ 15 ಹಾಗೇ ಇರಲಿ, ಸಾಲಿನೊಳಗೆ ಸಸಿಯಿಂದ ಸಸಿಗೆ 10ರ ಬದಲು 7.5 ಮಾಡಿ. ಚದರ ಮೀಟರಿಗೆ 89 ಸಸಿ ಸಿಗುತ್ತದೆ, ಕಳೆ ಕೀಳುವ ಕೈ ಸಾಲಿನ ನಡುವೆ ಹೋಗುತ್ತದೆ, ಗಾಳಿಯೂ ಆಡುತ್ತದೆ. ಎಲೆ ಬೇಗ ಒಣಗಿದಷ್ಟೂ ಮಚ್ಚೆ ರೋಗ ಕಡಿಮೆ. ಒಟ್ಟು ಎಷ್ಟು ಸಸಿ ಅನ್ನುವುದು ಇಳುವರಿಯನ್ನು ತೀರ್ಮಾನಿಸುವಷ್ಟು, ಚೌಕವಾಗಿ ನೆಟ್ಟರಾ ಉದ್ದಕ್ಕೆ ನೆಟ್ಟರಾ ಅನ್ನುವುದು ತೀರ್ಮಾನಿಸುವುದಿಲ್ಲ.

ಮತ್ತೆ, ನಾಟಿ ಆದ ಹದಿನೈದು ದಿನಕ್ಕೆ ಹೊಲ ಸುತ್ತಿ ಎಷ್ಟು ಸಸಿ ಸತ್ತಿದೆ ಎಣಿಸಿ. ಕಾಗದದ ಮೇಲೆ 67 ಇದ್ದು ಹೊಲದಲ್ಲಿ 55 ನಿಂತಿದ್ದರೆ ನಿಮಗೆ ಬೇಕಾಗಿರುವುದು ಹೊಸ ಅಂತರ ಅಲ್ಲ, ಖಾಲಿ ಜಾಗಕ್ಕೆ ಸಸಿ.

ಕೆಂಪುನೆಲ
ಎಡೆಕುಂಟೆ ಅವರ ಕೊನೆಯ ಮಾತು ನನಗೆ ಸರಿಯಾಗಿ ತಾಗಿತು. ಎಣಿಸಿಯೇ ಇಲ್ಲ ಯಾವತ್ತೂ, ಯಾರು ಎಣಿಸುತ್ತಾರೆ ಹೇಳಿ. ಈ ಸಲ ಅರ್ಧ ಹೊಲ 15×10, ಇನ್ನರ್ಧ 15×7.5 ನೆಡುತ್ತೇನೆ, ಗೊಬ್ಬರ ಎರಡಕ್ಕೂ ಒಂದೇ. ಸಾಕಲ್ವಾ?

ಲೆಕ್ಕದಹಾಳೆ
ಅರ್ಧ ಅರ್ಧ ಬೇಡ. ಹೊಲದ ಒಂದು ಬದಿಯ ಮಣ್ಣೇ ಚೆನ್ನಾಗಿದ್ದರೆ ಅಂತರದ ಗುಣವಾ ಮಣ್ಣಿನ ಗುಣವಾ ಗೊತ್ತಾಗುವುದಿಲ್ಲ. ಪಟ್ಟಿ ಪಟ್ಟಿ ಮಾಡಿ, ಒಂದು ಬಿಟ್ಟು ಒಂದು, ಕನಿಷ್ಠ ಮೂರು ಮೂರು ಪಟ್ಟಿ. ಹತ್ತಿರ ನೆಟ್ಟ ಪ್ರತಿ ಪಟ್ಟಿಯ ಅರ್ಧಕ್ಕೆ ಮಾತ್ರ ಹೆಕ್ಟೇರಿಗೆ 20 ಕೆಜಿ ಲೆಕ್ಕದಲ್ಲಿ ಸಾರಜನಕ ಜಾಸ್ತಿ ಕೊಡಿ, 45 ದಿನದ ಒಳಗೆ. ಒಂದೂವರೆ ಪಟ್ಟು ಅನ್ನುವವರಿಗೆ ತೋರಿಸಲು ಏನಾದರೂ ಇರಲಿ.

ದಾಸ್ತಾನು
ತೂಗುವಾಗ ಬದುವಿನ ಪಕ್ಕದ ಸಾಲು ಬಿಡಿ, ಅಲ್ಲಿ ಬೆಳಕು ಜಾಸ್ತಿ ಸಿಕ್ಕಿ ಗಡ್ಡೆ ಯಾವಾಗಲೂ ದೊಡ್ಡದಿರುತ್ತದೆ. ಪಟ್ಟಿಯ ನಡುವೆ ಒಂದೊಂದು ಚದರ ಮೀಟರ್ ಹಗ್ಗ ಹಿಡಿದು ಕಿತ್ತು, ಒಣಗಿಸಿ, 40 ಮಿ.ಮೀ.ಗಿಂತ ಸಣ್ಣದು, 40–55, ಅದಕ್ಕಿಂತ ದೊಡ್ಡದು ಅಂತ ಬೇರೆ ಮಾಡಿ ತೂಗಿ. ಜೋಡಿ ಗಡ್ಡೆ, ಹೂದಂಟು ಬಂದದ್ದು ಬೇರೆ. ಪ್ರತಿ ಪಟ್ಟಿಯಿಂದ ಒಂದು ಮೂಟೆ ಗುರುತು ಹಾಕಿ ದಾಸ್ತಾನಿನಲ್ಲಿ ಇಡಿ, ಎರಡು ತಿಂಗಳ ಮೇಲೆ ಮತ್ತೆ ತೂಗಿ. ಮೂಟೆ ಮೇಲೆ ಬರೆಯಲು ಬಣ್ಣ ಬಳಸಿ, ಚೀಟಿ ಕಟ್ಟಿದರೆ ಇಲಿ ತಿನ್ನುತ್ತದೆ.

ಬೇಸಾಯದಬಾಕಿ
ಎಣಿಸಲು ಆಳು ಬೇಕಾದರೆ ನಾನು ಬರುತ್ತೇನೆ. ಕೂಲಿ ಮಾತ್ರ ಈರುಳ್ಳಿ ಕೆಜಿ ಲೆಕ್ಕದಲ್ಲಿ, ದರ ಏರಿದ ಮೇಲೆ.